ಗೆಂಡೆ ಎಳೆಮರಿಗಳಿಗೆ ಮೊದಲ ಎರಡು ವಾರದ ಆಹಾರ: ಆಲೂರಿನ ತೊಟ್ಟಿಗಳಲ್ಲಿ ಮಾಡಿದ ಕೆಲಸದ ದಾಖಲೆ

ಹೇಮಾವತಿ ಹಿನ್ನೀರಿಗೆ ಹತ್ತಿರವಿರುವ ಆಲೂರು ತಾಲ್ಲೂಕಿನ ನಮ್ಮ ಜಮೀನಿನಲ್ಲಿ, ಸಾಮಾನ್ಯ ಗೆಂಡೆಯ ಮೊಟ್ಟೆ ಒಡೆಸಿ, ಎಳೆಮರಿಗಳನ್ನು ಪಾಲನಾ ಕೊಳಕ್ಕೆ ಬಿಡುವ ಗಾತ್ರದವರೆಗೆ ತೊಟ್ಟಿಯಲ್ಲಿಯೇ ಬೆಳೆಸುವ ಕೆಲಸ ಈ ಬೇಸಿಗೆಯಲ್ಲಿ ಒಂದು ಸುತ್ತು ಮುಗಿದಿದೆ. ನಮ್ಮ ಸುತ್ತಮುತ್ತ ಕೃಷಿ ಹೊಂಡ ತೋಡಿಸಿಕೊಂಡವರು ಬಹಳ ಜನರಿದ್ದಾರೆ. ಅವರಿಗೆ ಬೇಕಾಗುವ ಮರಿಗಳು ದೂರದಿಂದ ಆಮ್ಲಜನಕ ತುಂಬಿದ ಪಾಲಿಥಿನ್ ಚೀಲದಲ್ಲಿ ಬರುತ್ತವೆ. ಬಂದವು ಸ್ಪಾನ್ ಹಂತದವಾದರೆ, ಅಂದರೆ ಆಗತಾನೇ ಮೊಟ್ಟೆಯೊಡೆದ ಎಳೆಮರಿಗಳಾದರೆ, ಹೊಂಡಕ್ಕೆ ಬಿಟ್ಟ ಮೊದಲ ವಾರದಲ್ಲೇ ಬಹುಪಾಲು ಇಲ್ಲವಾಗುತ್ತವೆ. ಮರಿಗಳನ್ನು ಇಲ್ಲಿಯೇ, ಇಲ್ಲಿ ಸಿಗುವ ಆಹಾರದಲ್ಲಿಯೇ ಎರಡು ವಾರ ಸಾಕಿ ಕೊಡಲು ಸಾಧ್ಯವೇ ಎಂಬುದನ್ನು ನೋಡಬೇಕಿತ್ತು.

ಮರಿಗಳ ಆಹಾರಕ್ಕೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಜೀವಿಯನ್ನು ಬಳಸುವ ಯೋಚನೆಯನ್ನು ಆರಂಭದಲ್ಲೇ ಕೈಬಿಟ್ಟೆ. ಅದರ ಒಣಮೊಟ್ಟೆಯ ಡಬ್ಬಿಗೆ ಸಾವಿರಾರು ರೂಪಾಯಿ ಕೊಡಬೇಕು. ಉಪ್ಪುನೀರಿನಲ್ಲಿ, ಸುಮಾರು 28 ಡಿಗ್ರಿ ಬಿಸಿಯಲ್ಲಿ ಒಂದು ದಿನ ಇಟ್ಟು ಒಡೆಸಬೇಕು. ಇಷ್ಟಾದ ಮೇಲೂ ಸಿಹಿನೀರಿಗೆ ಹಾಕಿದ ಆರ್ಟೀಮಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ. ಮರಿ ತಿನ್ನದೆ ಬಿಟ್ಟದ್ದು ಸತ್ತು ತಳದಲ್ಲಿ ಕೊಳೆಯುತ್ತದೆ. ಅದರ ಬದಲು ನಮ್ಮ ಕೆರೆ ಕಟ್ಟೆಗಳಲ್ಲೇ ಇರುವ ಮೊಯಿನಾ ಎಂಬ ನೀರುಚಿಗಟವನ್ನು ಬೆಳೆಸಿದರೆ, ತಿಂದು ಉಳಿದದ್ದು ತೊಟ್ಟಿಯಲ್ಲಿ ಜೀವಂತವಾಗಿಯೇ ಇರುತ್ತದೆ. ಆದಕಾರಣ ಈ ದಾಖಲೆ ಮೀನಿನಿಂದಲ್ಲ, ಮೊಯಿನಾದಿಂದ ಆರಂಭವಾಗುತ್ತದೆ. ಜೀವಂತ ಆಹಾರ ಕೈಯಲ್ಲಿ ಸಿದ್ಧವಾಗುವವರೆಗೆ ತಾಯಿ ಮೀನನ್ನು ಮುಟ್ಟಬಾರದು ಎಂಬುದು ಈ ಕೆಲಸದಲ್ಲಿ ನನಗೆ ಖಚಿತವಾದ ಮೊದಲ ಸಂಗತಿ.

ಹಂತ 1: ತೊಟ್ಟಿ ಮತ್ತು ಸಲಕರಣೆ (ಜನವರಿ ಎರಡನೆಯ ವಾರ)

ಸಿಮೆಂಟ್ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಜೋಡಿಸಿ, ಒಳಗೆ ಟಾರ್ಪಾಲಿನ್ ಹಾಸಿ, 3 ಮೀಟರ್ ಉದ್ದ, 2 ಮೀಟರ್ ಅಗಲದ ತೊಟ್ಟಿ ಮಾಡಿದೆ. ನೀರಿನ ಆಳ 40 ಸೆಂಟಿಮೀಟರ್. ಇದು ಮೊಯಿನಾಕ್ಕೆ. ಮರಿಗಳಿಗೆ ಮನೆಯಲ್ಲಿದ್ದ 500 ಲೀಟರಿನ ಮೂರು ಹಳೆಯ ಪ್ಲಾಸ್ಟಿಕ್ ತೊಟ್ಟಿಗಳನ್ನು ತೊಳೆದು, ಸುಣ್ಣದ ನೀರು ಬಳಿದು, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ತೊಳೆದು ಇಟ್ಟುಕೊಂಡೆ. ಗಾಳಿ ಪಂಪು ಬ್ಯಾಟರಿಯಿಂದಲೂ ನಡೆಯುವಂಥದ್ದನ್ನೇ ಕೊಂಡೆ, ಏಕೆಂದರೆ ನಮ್ಮಲ್ಲಿ ಕರೆಂಟು ಹೋಗುವ ಹೊತ್ತನ್ನು ನಂಬಿ ಎಳೆಮರಿ ಸಾಕಲಾಗದು.

ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು ಎಂದರೆ ನೈಲಾನ್ ಜರಡಿ ಬಟ್ಟೆ. ಒಂದರ ಕಣ್ಣು ಸುಮಾರು 150 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಇನ್ನೊಂದರದು 300, ಮತ್ತೊಂದರದು 600. ಪಿವಿಸಿ ಪೈಪಿನ ಅಗಲವಾದ ತುಂಡುಗಳಿಗೆ ಇವನ್ನು ಬಿಗಿದು ಅಂಟಿಸಿ ಮೂರು ಜರಡಿ ಮಾಡಿಕೊಂಡೆ. ಇವಿಲ್ಲದೆ ಮುಂದಿನ ಯಾವ ಹಂತವೂ ನಡೆಯುತ್ತಿರಲಿಲ್ಲ. ಇದರ ಜೊತೆಗೆ ಒಂದು ಥರ್ಮಾಮೀಟರ್, ಅಮೋನಿಯಾ ನೋಡುವ ಕಿಟ್, ತಳದ ಕಸವನ್ನು ನೀರಿನೊಂದಿಗೆ ಹೀರಿ ಹೊರಹಾಕಲು, ಅಂದರೆ ಸೈಫನ್ ಮಾಡಲು, ಸಣ್ಣ ಕೊಳವೆ ಮತ್ತು ಬಿಳಿಯ ಪಿಂಗಾಣಿ ಬಟ್ಟಲು ಬೇಕಾದವು.

ಹಂತ 2: ಮೊಯಿನಾ (ಜನವರಿ ಮೂರನೆಯ ವಾರದಿಂದ ಫೆಬ್ರುವರಿ ಆರಂಭದವರೆಗೆ)

ಪಾಲನಾ ಕೊಳದಲ್ಲಿ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಬೆಳೆಸಲು ಹೆಕ್ಟೇರಿಗೆ 750 ಕಿಲೋ ಕಡಲೆಕಾಯಿ ಹಿಂಡಿ, 200 ಕಿಲೋ ಸಗಣಿ, 50 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಎಂಬ ಅಳತೆ ಬಳಕೆಯಲ್ಲಿದೆ. ಅದನ್ನು ನನ್ನ 6 ಚದರ ಮೀಟರಿಗೆ ಇಳಿಸಿದರೆ 450 ಗ್ರಾಂ ಹಿಂಡಿ, 120 ಗ್ರಾಂ ಸಗಣಿ, 30 ಗ್ರಾಂ ಫಾಸ್ಫೇಟ್ ಆಗುತ್ತದೆ. ನನ್ನ ತೊಟ್ಟಿಯ ನೀರು ಕೊಳದ ಅರ್ಧ ಆಳವೂ ಇಲ್ಲದ್ದರಿಂದ ಮೊದಲಿಗೆ ಅರ್ಧವನ್ನಷ್ಟೇ ಹಾಕಿದೆ. ಹಿಂಡಿಯನ್ನು ರಾತ್ರಿ ನೆನೆಸಿ, ಸಗಣಿಯೊಂದಿಗೆ ಕಲಸಿ, ಪಂಚೆ ಬಟ್ಟೆಯಲ್ಲಿ ಹಿಂಡಿ, ರಸವನ್ನು ಮಾತ್ರ ತೊಟ್ಟಿಗೆ ಬಿಟ್ಟೆ. ನಾರು ತೊಟ್ಟಿಗೆ ಹೋದರೆ ತಳದಲ್ಲಿ ಕೊಳೆತು ಮುಂದೆ ತೊಂದರೆ ಕೊಡುತ್ತದೆ.

ನೀರು ತಿಳಿಹಸಿರಿಗೆ ತಿರುಗಿದ ಮೇಲೆ ಪಕ್ಕದ ಕಟ್ಟೆಯಿಂದ ಬಟ್ಟೆಯ ಬಲೆಯಲ್ಲಿ ಎಳೆದು ತಂದ ನೀರುಚಿಗಟವನ್ನು ಹಾಗೆಯೇ ಸುರಿದೆ. ಈ ಪ್ರಯತ್ನ ಕೆಟ್ಟಿತು. ಕಟ್ಟೆಯ ನೀರಿನಲ್ಲಿ ಮೊಯಿನಾ ಒಂದೇ ಇರುವುದಿಲ್ಲ. ವಾರದೊಳಗೆ ತೊಟ್ಟಿಯ ತುಂಬ ಸೈಕ್ಲಾಪ್ಸ್ ಎಂಬ ಇನ್ನೊಂದು ಸಣ್ಣ ನೀರುಜೀವಿ ಹೆಚ್ಚಿಕೊಂಡಿತು. ಸೈಕ್ಲಾಪ್ಸ್ ದೊಡ್ಡ ಮರಿಗೆ ಒಳ್ಳೆಯ ಆಹಾರವಾದರೂ ಆಗತಾನೇ ಈಜು ಕಲಿತ ಎಳೆಮರಿಯ ಮೈಗೆ ಕಚ್ಚಿ ಗಾಯ ಮಾಡುತ್ತದೆ. ತೊಟ್ಟಿಯನ್ನು ಖಾಲಿ ಮಾಡಿ, ಸುಣ್ಣ ಹಾಕಿ, ಒಣಗಿಸಿ, ಮೊದಲಿನಿಂದ ಆರಂಭಿಸಬೇಕಾಯಿತು.

ಎರಡನೆಯ ಬಾರಿ ಕಟ್ಟೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದು ನೋಡಿದೆ. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಮೊಯಿನಾ ದುಂಡಗೆ, ರಾಗಿ ಕಾಳಿಗಿಂತ ಚಿಕ್ಕದಾಗಿದ್ದು, ನಿಂತಲ್ಲಿಯೇ ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುತ್ತದೆ. ಸೈಕ್ಲಾಪ್ಸ್ ಮುಂದೆ ಅಗಲ, ಹಿಂದೆ ಸಣ್ಣ. ಒಮ್ಮೆ ಸುಮ್ಮನಿದ್ದು ಮರುಕ್ಷಣ ಸರಕ್ಕನೆ ಬೇರೆಡೆಗೆ ಹಾರುತ್ತದೆ, ಮೊಟ್ಟೆ ಹೊತ್ತ ಹೆಣ್ಣಿಗೆ ಬಾಲದ ಎರಡು ಬದಿಗೆ ಎರಡು ಚೀಲಗಳು ಜೋತುಬಿದ್ದಿರುತ್ತವೆ. ಔಷಧಿಯ ಡ್ರಾಪರಿನಿಂದ ಮೊಯಿನಾಗಳನ್ನು ಮಾತ್ರ ಒಂದೊಂದಾಗಿ ಹೀರಿ, ಶುದ್ಧ ನೀರಿನ ಬಾಟಲಿಗೆ ಬಿಟ್ಟೆ. ಮೊಯಿನಾದಲ್ಲಿ ಅನುಕೂಲಕರ ಕಾಲದಲ್ಲಿ ಹೆಣ್ಣುಗಳೇ ಗಂಡಿನ ಸಹಾಯವಿಲ್ಲದೆ ಮರಿ ಹಾಕುತ್ತವೆ, ಹುಟ್ಟಿದ ಮರಿ ನಾಲ್ಕೈದು ದಿನದಲ್ಲಿ ತಾನೂ ಮರಿ ಹಾಕುವಷ್ಟು ಬೆಳೆಯುತ್ತದೆ. ಆದ್ದರಿಂದ ಬಾಟಲಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ತೊಟ್ಟಿಗೆ ಹೋಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಅವಸರದಲ್ಲಿ ಬಲೆಯಿಂದ ಸುರಿಯುವುದಕ್ಕಿಂತ ಹೀಗೆ ಆರಿಸಿ ಬೆಳೆಸುವುದೇ ನಿಜವಾಗಿ ಬೇಗ ಮುಗಿಯುವ ದಾರಿ.

ತೊಟ್ಟಿಯೊಂದನ್ನೇ ನಂಬದೆ, ಡ್ರಮ್ಮಿನಲ್ಲಿ 300 ಲೀಟರ್ ನೀರಿಟ್ಟು ಬೇಕರಿ ಯೀಸ್ಟಿನ ಮೇಲೆ ಇನ್ನೊಂದು ಸಂತತಿಯನ್ನು ಬೆಳೆಸಿದೆ. ಆರಂಭದಲ್ಲಿ 8 ಗ್ರಾಂ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಾಕಿದೆ, ಅನಂತರ ನೀರು ತಿಳಿಯಾದಾಗಲೆಲ್ಲ ಅದರ ಅರ್ಧ. ಮೋಡ ಕವಿದು ಚಳಿ ಹೆಚ್ಚಾದ ದಿನಗಳಲ್ಲಿ ಮೊಯಿನಾ ಕಡಿಮೆ ತಿನ್ನುತ್ತದೆ. ಆಗಲೂ ಅದೇ ಪ್ರಮಾಣ ಹಾಕುತ್ತ ಹೋದುದರಿಂದ ನೀರು ಹಾಲಿನಂತೆ ಬೆಳ್ಳಗಾಗಿ, ಹುಳಿ ವಾಸನೆ ಬಂದು, ಒಂದೇ ರಾತ್ರಿಯಲ್ಲಿ ಡ್ರಮ್ಮು ಪೂರ್ತಿ ಸತ್ತಿತು. ತೊಟ್ಟಿಯಲ್ಲಿ ಬೇರೆ ಸಂತತಿ ಇದ್ದುದರಿಂದ ಕೆಲಸ ನಿಲ್ಲಲಿಲ್ಲ. ಅಂದಿನಿಂದ ಪಾಲಿಸುತ್ತಿರುವ ನಿಯಮ ಇಷ್ಟು: ಅಂಗೈಯನ್ನು ಒಂದಡಿ ಆಳಕ್ಕೆ ಇಳಿಸಿದಾಗ ಬೆರಳುಗಳು ಸ್ಪಷ್ಟವಾಗಿ ಕಂಡರೆ ಮಾತ್ರ ಯೀಸ್ಟ್, ಇಲ್ಲವಾದರೆ ಮರುದಿನ.

ಮೊಯಿನಾದ ಬಣ್ಣವನ್ನೂ ನೋಡುತ್ತಿರಬೇಕು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಅದರ ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚಾಗಿ ಕೆಂಪಾಗುತ್ತದೆ. ಕೆಂಪು ಮೊಯಿನಾ ಮರಿಗಳಿಗೆ ಒಳ್ಳೆಯದೇ, ಆದರೆ ಸಂತತಿ ಇಕ್ಕಟ್ಟಿನಲ್ಲಿದೆ ಎಂಬುದರ ಸೂಚನೆಯೂ ಹೌದು. ಬೆನ್ನಿನಲ್ಲಿ ಕಂದು ಬಣ್ಣದ ಗಟ್ಟಿ ಮೊಟ್ಟೆ ಹೊತ್ತ ಹೆಣ್ಣುಗಳು ಕಾಣಿಸಿದರೆ ಅದು ಇನ್ನೂ ಸ್ಪಷ್ಟವಾದ ಎಚ್ಚರಿಕೆ. ಆಗ ಮೂರನೆಯ ಒಂದು ಭಾಗ ನೀರು ಬದಲಿಸಿ ಹೊಸ ಮೇವು ಕೊಡಬೇಕು. ದಿನಕ್ಕೆ ಸಂತತಿಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಹಂತ 3: ಮೊಟ್ಟೆ (ಫೆಬ್ರುವರಿ ಎರಡನೆಯ ವಾರ)

ಇದರಲ್ಲಿ ಹೊಸದೇನೂ ಇಲ್ಲ. ನೀರಿನಲ್ಲಿ ಇಳಿಬಿಟ್ಟು ಕಟ್ಟುವ ಬಲೆಬಟ್ಟೆಯ ಚೌಕವಾದ ಹಾಪಾದಲ್ಲಿ ಒಂದು ಹೆಣ್ಣಿಗೆ ಅದರ ತೂಕದ ಎರಡರಷ್ಟು ಗಂಡು ಬಿಟ್ಟು, ಬಿಚ್ಚಿ ಎಳೆ ಎಳೆ ಮಾಡಿದ ಪ್ಲಾಸ್ಟಿಕ್ ಹಗ್ಗದ ಕುಚ್ಚುಗಳನ್ನು ಇಳಿಬಿಟ್ಟೆ. ಗೆಂಡೆಯ ಮೊಟ್ಟೆ ಅಂಟುವ ಮೊಟ್ಟೆ. ಬೆಳಗಿನ ಹೊತ್ತಿಗೆ ಕುಚ್ಚುಗಳ ತುಂಬ ಅಂಟಿತ್ತು. ತಾಯಿ ಮೀನುಗಳನ್ನು ಹೊರಗೆ ತೆಗೆದು, ಕುಚ್ಚುಗಳನ್ನು ಗಾಳಿ ಬಿಟ್ಟ ತೊಟ್ಟಿಗೆ ವರ್ಗಾಯಿಸಿದೆ. ಬಯಲುಸೀಮೆಯ ಬಿಸಿ ನೀರಿನಲ್ಲಿ ಎರಡು ಮೂರು ದಿನಕ್ಕೆ ಒಡೆಯುವ ಮೊಟ್ಟೆ ನಮ್ಮಲ್ಲಿ ಇನ್ನೂ ಹೆಚ್ಚು ಕಾಲ ತೆಗೆದುಕೊಂಡಿತು. ಫೆಬ್ರುವರಿಯಲ್ಲಿ ಬೆಳಗಿನ ಜಾವ ತೊಟ್ಟಿಯ ನೀರು 19 ಡಿಗ್ರಿ, ಮಧ್ಯಾಹ್ನ 26. ರಾತ್ರಿ ತೊಟ್ಟಿಗಳ ಮೇಲೆ ಪಾಲಿಥಿನ್ ಹೊದಿಸಿದ ಮೇಲೆ ಬೆಳಗಿನ ತಾಪ ಎರಡು ಡಿಗ್ರಿಯಷ್ಟು ಏರಿತು.

ಒಡೆದ ಮರಿಗಳು ಮೊದಲಿಗೆ ಕುಚ್ಚಿಗೂ ತೊಟ್ಟಿಯ ಗೋಡೆಗೂ ಅಂಟಿಕೊಂಡೇ ಇರುತ್ತವೆ. ಹೊಟ್ಟೆಯ ಹಳದಿ ಚೀಲ ಕರಗಿ, ಮೇಲೆ ಬಂದು ಗಾಳಿ ನುಂಗಿ, ಅಡ್ಡಲಾಗಿ ಈಜಲು ಆರಂಭಿಸಿದ ಮೇಲೆಯೇ ಆಹಾರ. ಅದಕ್ಕಿಂತ ಮುಂಚೆ ಏನು ಹಾಕಿದರೂ ನೀರು ಕೆಡುವುದಷ್ಟೇ ಲಾಭ.

ಹಂತ 4: ಮೂರು ತೊಟ್ಟಿ, ಮೂರು ಬಗೆಯ ಆಹಾರ (ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ)

ಒಂದೊಂದು ತೊಟ್ಟಿಗೂ 400 ಲೀಟರ್ ನೀರು ತುಂಬಿ, ಲೀಟರಿಗೆ 10 ಮರಿಯ ಲೆಕ್ಕದಲ್ಲಿ ಸುಮಾರು 4,000 ಮರಿ ಬಿಟ್ಟೆ. ಸಣ್ಣ ಬಟ್ಟಲಿನಲ್ಲಿ ಮೊಗೆದು, ಅದರಲ್ಲಿರುವ ಮರಿಗಳನ್ನು ಎಣಿಸಿ, ಅದೇ ಬಟ್ಟಲಿನಿಂದ ಅಳೆದು ಹಾಕಿದ್ದರಿಂದ ಈ ಸಂಖ್ಯೆ ಅಂದಾಜಿನದೇ.

ಮೊದಲ ತೊಟ್ಟಿಗೆ ಹಳೆಯ ಪದ್ಧತಿ: ಮೊದಲ ಮೂರು ದಿನ, ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿದ ನೀರು, ಆಮೇಲೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮಪಾಲು, ನುಣ್ಣಗೆ ಜರಡಿ ಹಿಡಿದದ್ದು. ಎರಡನೆಯದಕ್ಕೆ ಮೊಯಿನಾ ಮಾತ್ರ. ಮೂರನೆಯದಕ್ಕೆ ಮೊಯಿನಾ ಮತ್ತು ಅದರೊಂದಿಗೆ ಮನೆಯಲ್ಲಿ ಮಾಡಿದ ಕಸ್ಟರ್ಡ್. ಅದರ ವಿವರ ಮುಂದಿನ ಹಂತದಲ್ಲಿದೆ.

ಹಳದಿಯನ್ನು ಮರಿಗಳು ತಿನ್ನಲಿಲ್ಲ ಎನ್ನಲಾಗದು, ತಿಂದವು. ಆದರೆ ಹಳದಿಯ ಕಣ ನೀರಿಗೆ ಬಿದ್ದೊಡನೆ ಕರಗಿ ಹರಡುತ್ತದೆ, ಮರಿಯ ಬಾಯಿಗೆ ಸಿಕ್ಕುವ ಪಾಲು ಬಹಳ ಕಡಿಮೆ. ಎರಡನೆಯ ದಿನವೇ ಗೋಡೆಗೆ ಲೋಳೆ ಕಟ್ಟಿತು, ಕೊಳೆತ ಮೇವಿನಿಂದ ನೀರಿಗೆ ಸೇರುವ, ಮರಿಗೆ ವಿಷವಾದ ಅಮೋನಿಯಾದ ಬಣ್ಣ ಕಿಟ್ಟಿನಲ್ಲಿ ಏರಿತು. ಪ್ರತಿದಿನ ಅರ್ಧ ನೀರು ಬದಲಿಸಿದರೂ ಸಾವು ನಿಲ್ಲಲಿಲ್ಲ. ಹಿಂಡಿ-ತೌಡಿಗೆ ಬದಲಿಸಿದ ಮೇಲೆ ನೀರು ಸ್ವಲ್ಪ ಸುಧಾರಿಸಿತು, ಬೆಳವಣಿಗೆ ಸುಧಾರಿಸಲಿಲ್ಲ. ಮಣ್ಣಿನ ಕೊಳದಲ್ಲಿ ಹಿಂಡಿ-ತೌಡು ಕೆಲಸ ಮಾಡುವುದು ಅಲ್ಲಿ ಮರಿ ತಿನ್ನದೆ ಬಿಟ್ಟದ್ದು ಗೊಬ್ಬರವಾಗಿ ಪ್ಲವಕವನ್ನು ಬೆಳೆಸುತ್ತದೆ ಎಂಬ ಕಾರಣದಿಂದಲೂ ಹೌದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಆ ಎರಡನೆಯ ಲಾಭವಿಲ್ಲ. ಎರಡು ವಾರದ ಕೊನೆಗೆ ಈ ತೊಟ್ಟಿಯಲ್ಲಿ ಉಳಿದದ್ದು ಮೂರರಲ್ಲಿ ಒಂದು ಪಾಲು, ಉದ್ದ 9ರಿಂದ 10 ಮಿಲಿಮೀಟರ್.

ಎರಡನೆಯ ತೊಟ್ಟಿಗೆ ಮೊದಲ ದಿನಗಳಲ್ಲಿ ಕೊಡುವ ಮೊಯಿನಾವನ್ನು 300 ಮೈಕ್ರಾನಿನ ಬಟ್ಟೆಯಲ್ಲಿ ಸೋಸಿ, ಅದರಿಂದ ಕೆಳಗೆ ಇಳಿದ ಎಳೆಯ ಮೊಯಿನಾವನ್ನು 150ರ ಬಟ್ಟೆಯಲ್ಲಿ ಹಿಡಿದು, ಶುದ್ಧ ನೀರಿನಲ್ಲಿ ತೊಳೆದು ಹಾಕಿದೆ. ಸಗಣಿ ನೀರಿನಲ್ಲಿ ಬೆಳೆದದ್ದನ್ನು ತೊಳೆಯದೆ ಹಾಕಬಾರದು. ಬಲಿತ ಮೊಯಿನಾ ಆ ಹಂತದ ಮರಿಯ ಬಾಯಿಗೆ ದೊಡ್ಡದು. ವಾರ ಕಳೆದ ಮೇಲೆ 600ರ ಜರಡಿಯಿಂದ ಇಳಿದದ್ದೆಲ್ಲವನ್ನೂ ಹಾಕಬಹುದಾಯಿತು.

ಮರಿ ತಿಂದಿತೇ ಇಲ್ಲವೇ ಎಂಬುದನ್ನು ಊಹಿಸುವ ಅಗತ್ಯವಿಲ್ಲ. ಮೇವು ಹಾಕಿದ ಅರ್ಧ ಗಂಟೆಗೆ ನಾಲ್ಕಾರು ಮರಿಗಳನ್ನು ಬಿಳಿ ಬಟ್ಟಲಿಗೆ ಮೊಗೆದು ಬಿಸಿಲಿನಲ್ಲಿ ನೋಡಬೇಕು. ಮೈ ಗಾಜಿನಂತೆ ಪಾರದರ್ಶಕವಾಗಿದ್ದು ಎರಡು ಕಪ್ಪು ಕಣ್ಣುಗಳ ಹಿಂದೆ ಕರುಳಿನ ಗೆರೆ ಕಾಣುತ್ತದೆ. ಮೊಯಿನಾ ತಿಂದದ್ದಾದರೆ ಗೆರೆ ಕೆಂಗಂದು, ಹಳದಿ ತಿಂದದ್ದಾದರೆ ಹಳದಿ, ತೌಡಾದರೆ ಮಾಸಲು ಬಿಳಿ. ಖಾಲಿಯಾಗಿದ್ದರೆ ಗೆರೆಯೇ ಇಲ್ಲ. ಮೊದಲ ತೊಟ್ಟಿಯ ಮರಿಗಳಲ್ಲಿ ಅರ್ಧದಷ್ಟಕ್ಕೆ ಗೆರೆ ಇರುತ್ತಿರಲಿಲ್ಲ, ಸುತ್ತಲೂ ಮೇವು ತೇಲುತ್ತಿದ್ದರೂ. ಎರಡನೆಯ ತೊಟ್ಟಿಯಲ್ಲಿ ಬಟ್ಟಲಿಗೆ ಬಂದ ಪ್ರತಿಯೊಂದು ಮರಿಯ ಹೊಟ್ಟೆಯೂ ತುಂಬಿರುತ್ತಿತ್ತು. ಈ ಬಟ್ಟಲಿನ ಪರೀಕ್ಷೆಯನ್ನು ಯಾರೂ ಬಿಡಬಾರದು ಎಂದು ಒತ್ತಿ ಹೇಳುತ್ತೇನೆ. ತೊಟ್ಟಿಗೆ ಎಷ್ಟು ಹಾಕಿದೆವು ಎಂಬುದಕ್ಕಿಂತ ಮರಿಯೊಳಗೆ ಎಷ್ಟು ಹೋಯಿತು ಎಂಬುದೇ ನಮಗೆ ಬೇಕಾದ ಲೆಕ್ಕ.

ಎರಡನೆಯ ವಾರದ ನಡುವೆ ಮೊಯಿನಾ ಸಾಲದೆ ಬಂತು. ಮರಿ ಬೆಳೆದಂತೆ ಅದರ ಹಸಿವು ಬೆಳೆಯುವ ವೇಗಕ್ಕೆ 19-20 ಡಿಗ್ರಿಯ ರಾತ್ರಿಗಳಲ್ಲಿ ಮೊಯಿನಾ ಹೆಚ್ಚುವುದಿಲ್ಲ. ಸಾಕಷ್ಟು ಸಿಗದ ದಿನಗಳಲ್ಲಿ ಬಲವಾದ ಮರಿಗಳು ಮುಂದೆ ಹೋದವು, ಉಳಿದವು ಹಿಂದೆ ಬಿದ್ದವು. ಒಂದೇ ತೊಟ್ಟಿಯಲ್ಲಿ 10 ಮಿಲಿಮೀಟರಿನವೂ 16ರವೂ ಒಟ್ಟಿಗೆ ಕಂಡವು. ಬದುಕಿದ್ದು ಹತ್ತರಲ್ಲಿ ಏಳರಷ್ಟು.

ಹಂತ 5: ರೇಷ್ಮೆ ಪ್ಯೂಪಾ ಮತ್ತು ಕಸ್ಟರ್ಡ್

ಮೂರನೆಯ ತೊಟ್ಟಿಯ ಉದ್ದೇಶ ಈ ಕೊರತೆಯನ್ನು ತುಂಬುವುದೇ ಆಗಿತ್ತು. ಕರ್ನಾಟಕದಲ್ಲಿ ರೇಷ್ಮೆ ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಹುಳು, ಅಂದರೆ ಪ್ಯೂಪಾ, ಹೇರಳ. ಒಣಗಿದ ಪ್ಯೂಪಾದ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್ ಇದೆ, ಆದರೆ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ಕೊಬ್ಬೂ ಇದೆ. ರಾಮನಗರದ ಕಡೆಯಿಂದ ಪರಿಚಿತರೊಬ್ಬರು ತಂದುಕೊಟ್ಟ ಒಣ ಪ್ಯೂಪಾವನ್ನು ಹಾಗೆಯೇ ಪುಡಿ ಮಾಡಿ, ಬೇರೆಯಾಗಿ ಇಟ್ಟಿದ್ದ ಬೇಸಿನ್ನಿನ ಕೆಲವು ಮರಿಗಳ ಮೇಲೆ ಮೊದಲು ಪರೀಕ್ಷಿಸಿದೆ. ಪುಡಿ ನೀರಿಗೆ ಬೀಳುತ್ತಲೇ ಮೇಲೆ ಎಣ್ಣೆಯ ಪೊರೆ ಹರಡಿತು. ಆ ವಯಸ್ಸಿನ ಮರಿಗಳು ನೀರಿನ ಮೇಲ್ಮೈಗೆ ಬಂದು ಗಾಳಿ ತೆಗೆದುಕೊಳ್ಳುತ್ತವೆ, ಪೊರೆ ಅದಕ್ಕೆ ಅಡ್ಡಿ. ಸಂಜೆಯ ಹೊತ್ತಿಗೆ ಬೇಸಿನ್ನಿನ ಮರಿಗಳು ಓರೆಯಾಗಿ ತೇಲುತ್ತಿದ್ದವು. ಹಸಿ ಪುಡಿ ಅಲ್ಲಿಗೆ ಮುಗಿಯಿತು.

ಮುಂದಿನ ಬಾರಿ ಪ್ಯೂಪಾವನ್ನು ಇಪ್ಪತ್ತು ನಿಮಿಷ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು, ನೀರು ಚೆಲ್ಲಿ, ಮತ್ತೆ ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಬಲವಾಗಿ ಹಿಂಡಿ, ಬಿಸಿಲಿನಲ್ಲಿ ಕಟಕಟ ಎನ್ನುವವರೆಗೆ ಒಣಗಿಸಿ, ಆಮೇಲೆ ಮಿಕ್ಸಿಗೆ ಹಾಕಿದೆ. ಈ ಕೆಲಸವನ್ನು ಮನೆಯಿಂದ ದೂರದಲ್ಲಿ ಮಾಡಬೇಕು, ವಾಸನೆ ಬಹಳ. ಪುಡಿಯನ್ನು ನೇರವಾಗಿ ಹಾಕದೆ, ಸಿಗಡಿ ಮರಿಕೇಂದ್ರಗಳಲ್ಲಿ ಮಾಡುವ ಮೊಟ್ಟೆಯ ಕಸ್ಟರ್ಡಿನ ರೀತಿಯನ್ನು ಅನುಸರಿಸಿದೆ. ಎರಡು ಕೋಳಿಮೊಟ್ಟೆ, 40 ಗ್ರಾಂ ಪ್ಯೂಪಾ ಪುಡಿ, 20 ಗ್ರಾಂ ನುಣುಪಾದ ಕಡಲೆಕಾಯಿ ಹಿಂಡಿ, 10 ಗ್ರಾಂ ಹಾಲಿನ ಪುಡಿ, ಒಂದು ಚಿಟಿಕೆ ಖನಿಜ ಮಿಶ್ರಣ. ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು, ಗಟ್ಟಿಯಾದ ಮೇಲೆ ಆರಿಸಿ, 300 ಮೈಕ್ರಾನಿನ ಬಟ್ಟೆಯಲ್ಲಿ ಒತ್ತಿ ಬಕೆಟ್ ನೀರಿಗೆ ಇಳಿಸಿ, 150ರ ಬಟ್ಟೆಯಲ್ಲಿ ಹಿಡಿದು, ಕೆಳಗೆ ಇಳಿಯುವ ನೀರು ತಿಳಿಯಾಗುವವರೆಗೆ ತೊಳೆದೆ.

ತೊಳೆಯುವ ಈ ಕೊನೆಯ ಕೆಲಸದಲ್ಲಿಯೇ ಎಲ್ಲ ವ್ಯತ್ಯಾಸವಿದೆ. ಕರಗುವ ಭಾಗ ಬಕೆಟ್ಟಿನಲ್ಲೇ ಹೋಗುತ್ತದೆ, ತೊಟ್ಟಿಗೆ ಹೋಗುವುದು ರೂಪು ಕಳೆದುಕೊಳ್ಳದ ಕಣ ಮಾತ್ರ. ಮೊಟ್ಟೆಯ ಹಳದಿಯನ್ನೇ ಹಾಕಿದ ಮೊದಲ ತೊಟ್ಟಿ ಕೆಟ್ಟು, ಎರಡು ಪೂರ್ತಿ ಮೊಟ್ಟೆ ಸೇರಿದ ಕಸ್ಟರ್ಡಿನ ತೊಟ್ಟಿ ಕೆಡದೆ ಉಳಿದದ್ದಕ್ಕೆ ನಾನು ಕಂಡ ಕಾರಣ ಇದು.

ಕೊಡುವ ಕ್ರಮವೂ ಮುಖ್ಯ. ಮೊದಲು ಮೊಯಿನಾ ಹಾಕಿದರೆ ಮರಿಗಳು ಓಡಾಡುವುದರ ಹಿಂದೆಯೇ ಹೋಗುತ್ತವೆ, ಕಸ್ಟರ್ಡನ್ನು ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಬೆಳಿಗ್ಗೆ ತಳವನ್ನು ಸೈಫನ್ ಮಾಡಿ, ಬಿಸಿಲು ಬಿದ್ದು ನೀರು 22 ಡಿಗ್ರಿ ದಾಟಿದ ಮೇಲೆ, ಹಸಿದ ಮರಿಗಳಿಗೆ ಕಸ್ಟರ್ಡ್. ಅರ್ಧ ಗಂಟೆ ಬಿಟ್ಟು ಮೊಯಿನಾ. ಮಧ್ಯಾಹ್ನ ಎರಡು ಬಾರಿ ಕಸ್ಟರ್ಡ್, ಸಂಜೆ ಬೆಳಕಿರುವಾಗಲೇ ಮೊಯಿನಾ. ಮೊದಲ ಮೂರು ದಿನ ಮೊಯಿನಾ ಒಂದನ್ನೇ ಕೊಟ್ಟು, ನಾಲ್ಕನೆಯ ದಿನದಿಂದ ಕಸ್ಟರ್ಡ್ ಸೇರಿಸಿದ್ದೆ. ಎರಡನೆಯ ವಾರದ ಕೊನೆಗೆ ಮೂರನೆಯ ತೊಟ್ಟಿಯಲ್ಲಿ ಬದುಕಿದ್ದು ಎರಡನೆಯದರಷ್ಟೇ, ಆದರೆ ಹೆಚ್ಚಿನವು 14-15 ಮಿಲಿಮೀಟರಿನ ಆಸುಪಾಸಿನಲ್ಲಿದ್ದವು, ಖರ್ಚಾದ ಮೊಯಿನಾ ಅರ್ಧಕ್ಕಿಂತ ಕಡಿಮೆ. ಮರಿ ಕೊಳ್ಳುವವರಿಗೆ ಬೇಕಾದದ್ದು ಸಮಗಾತ್ರದ ಮರಿ, ಆದ್ದರಿಂದ ಮೂರನೆಯ ಕ್ರಮವನ್ನೇ ಮುಂದುವರಿಸುತ್ತಿದ್ದೇನೆ.

ಬೂಷ್ಟು ವಾಸನೆಯ ಹಿಂಡಿಯನ್ನು ಎಷ್ಟು ಅಗ್ಗವಾಗಿ ಸಿಕ್ಕರೂ ತೆಗೆದುಕೊಳ್ಳಬಾರದು. ಅದರಲ್ಲಿ ಬೆಳೆಯುವ ಶಿಲೀಂಧ್ರದ ವಿಷ ಕುದಿಸಿದರೂ ಹೋಗುವುದಿಲ್ಲ. ತೌಡೂ ಮಿಲ್ಲಿನಿಂದ ಆಗತಾನೇ ಬಂದದ್ದೇ ಇರಬೇಕು, ಇಟ್ಟರೆ ಕಮಟುತ್ತದೆ.

ಖರ್ಚು

ಟಾರ್ಪಾಲಿನ್ ಮತ್ತು ಇಟ್ಟಿಗೆಗೆ 2,600 ರೂಪಾಯಿ, ಬ್ಯಾಟರಿ ಸಹಿತ ಗಾಳಿ ಪಂಪಿಗೆ 3,200, ಕೊಳವೆ ಮತ್ತು ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನಿಗೆ 450, ಜರಡಿ ಬಟ್ಟೆಗೆ 380, ಥರ್ಮಾಮೀಟರ್ ಮತ್ತು ಕಿಟ್ಟಿಗೆ 900, ಒಟ್ಟು 7,530. ತೊಟ್ಟಿಗಳು ಮನೆಯವೇ. ಹಿಂಡಿ, ಯೀಸ್ಟ್, ಮೊಟ್ಟೆ, ಹಾಲಿನ ಪುಡಿ, ಪ್ಯೂಪಾ ಎಲ್ಲ ಸೇರಿ ಒಂದು ಸುತ್ತಿಗೆ ಸಾವಿರ ರೂಪಾಯಿ ದಾಟಲಿಲ್ಲ. ಲೆಕ್ಕಕ್ಕೆ ಸಿಗದದ್ದು ದುಡಿಮೆ: ಬೆಳಗಿನಿಂದ ಸಂಜೆಯವರೆಗೆ ತೊಟ್ಟಿಯ ಬಳಿ ಒಬ್ಬರು ಇರಲೇಬೇಕು, ನಮ್ಮಲ್ಲಿ ಅದನ್ನು ಮನೆಯವರೆಲ್ಲ ಹಂಚಿಕೊಂಡೆವು.

ಮುಂಗಾರಿಗೆ ಮುಂಚಿನ ಸಿದ್ಧತೆ

ಜೂನ್-ಜುಲೈನಲ್ಲಿ ಕಟ್ಲ ಮತ್ತು ರೋಹುವಿನ ಸ್ಪಾನ್ ತಂದು ಇದೇ ಕ್ರಮದಲ್ಲಿ ಸಾಕಬೇಕೆಂದಿದೆ. ಆದರೆ ಆಲೂರಿನ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ತೊಟ್ಟಿಯ ನೀರು ಹಸಿರಾಗುವುದಿಲ್ಲ, ಬಯಲಿನ ತೊಟ್ಟಿಗೆ ಮಳೆನೀರು ತುಂಬಿ ಮೊಯಿನಾ ಕೊಚ್ಚಿಹೋಗುತ್ತದೆ. ಆಗ ನಂಬಬಹುದಾದದ್ದು ಸೂರಿನ ಕೆಳಗಿನ ಯೀಸ್ಟ್ ಡ್ರಮ್ಮುಗಳನ್ನೇ, ಅದೂ ಒಂದಲ್ಲ, ಒಂದು ಕೆಟ್ಟರೆ ಇನ್ನೊಂದು ಇರುವಂತೆ ಮೂರು. ಮೊಯಿನಾದ ಬಿತ್ತನೆಗಾಗಿ ಮತ್ತೆ ಕಟ್ಟೆಗೆ ಹೋದರೆ ಸೈಕ್ಲಾಪ್ಸ್ ಬರುವುದು ಖಂಡಿತ. ಆದಕಾರಣ ಏಪ್ರಿಲ್ ಕೊನೆಯಲ್ಲಿ ತೊಟ್ಟಿಯ ನೀರನ್ನು ನಿಧಾನವಾಗಿ ಇಳಿಸಿ, ಮೊಯಿನಾಗಳು ಇಕ್ಕಟ್ಟಿಗೆ ಸಿಕ್ಕಿ ಹಾಕಿದ ಕಂದು ಮೊಟ್ಟೆಗಳು ಸೇರಿದ ತಳದ ಗಸಿಯನ್ನು ಬಟ್ಟೆಯಲ್ಲಿ ಹಿಡಿದು, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟಿದ್ದೇನೆ. ಅದರಿಂದ ಒಂದು ಚಿಟಿಕೆಯನ್ನು ಬಾಟಲಿ ನೀರಿಗೆ ಹಾಕಿ ನೋಡಿದ್ದಕ್ಕೆ ಕೆಲವೇ ದಿನಗಳಲ್ಲಿ ಮೊಯಿನಾ ಹೊರಬಂದಿದೆ, ಸೈಕ್ಲಾಪ್ಸ್ ಕಂಡಿಲ್ಲ. ಸ್ಪಾನ್ ತರುವ ದಿನಕ್ಕೆ ಮೂರು ವಾರ ಮುಂಚೆ ಉಳಿದ ಪೊಟ್ಟಣಗಳನ್ನು ಒಡೆದು ಡ್ರಮ್ಮುಗಳನ್ನು ಆರಂಭಿಸುತ್ತೇನೆ.